ಸ್ಕಾಟ್ಲೆಂಡಿನಲ್ಲಿ ಪೂರ್ವಜರ ಮರಣ-ಸಮಾಧಿ ಶೋಧ: ದಾಖಲೆಗಳ ಮೌನವೂ ಲೆಕ್ಕದ ವಹಿಗಳೂ

ವಂಶಚರಿತ್ರೆಯ ಸಂಶೋಧನೆಗೆ ಸ್ಕಾಟ್ಲೆಂಡ್ ಬಹಳ ಅನುಕೂಲಕರವಾದ ದೇಶವೆಂಬ ಅಭಿಪ್ರಾಯ ವಿದ್ವಾಂಸರಲ್ಲಿ ಪ್ರಚಲಿತವಾಗಿದೆ. ಈ ಅಭಿಪ್ರಾಯಕ್ಕೆ ಆಧಾರವಿಲ್ಲದಿಲ್ಲ. ಪರ್ತ್‌ಶೈರಿನ ಎರಲ್ ಎಂಬ ಪ್ಯಾರಿಷಿನ ದಾಖಲೆ ಪುಸ್ತಕ 1553ರಿಂದಲೇ ಆರಂಭವಾಗುತ್ತದೆ. 1854ರವರೆಗಿನ ಹಳೆಯ ಪ್ಯಾರಿಷ್ ದಾಖಲೆಗಳು ಸುಮಾರು 900 ಪ್ಯಾರಿಷುಗಳಿಗೆ ಸೇರಿದ 3,500ರಷ್ಟು ಸಂಪುಟಗಳಲ್ಲಿ ಎಡಿನ್‌ಬರೊ ನಗರದಲ್ಲಿ ಸಂರಕ್ಷಿತವಾಗಿವೆ. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಒಳಪಟ್ಟ ಊರು ಅಥವಾ ಊರುಗಳ ಗುಂಪು. ಆ ಚರ್ಚಿನ ಪಾದ್ರಿ ಮತ್ತು ಹಿರಿಯರ ಸಭೆಯನ್ನು ಕಿರ್ಕ್ ಸೆಷನ್ ಎಂದು ಕರೆಯುತ್ತಾರೆ. ಶಿಸ್ತಿನ ವಿಚಾರಣೆ, ಬಡವರ ಪೋಷಣೆ, ದಾಖಲೆಗಳ ರಕ್ಷಣೆ ಇವೆಲ್ಲವೂ ಈ ಸಭೆಯ ಕೈಯಲ್ಲಿದ್ದವು.

ಆದರೆ ಈ ಸಂಪುಟಗಳನ್ನು ಆಶ್ರಯಿಸಿ ಒಂದು ಕುಟುಂಬದ ಚರಿತ್ರೆಯನ್ನು ಹಿಂದಕ್ಕೆ ಹಿಂಬಾಲಿಸಿದವರಿಗೆ ಒಂದು ವಿಚಿತ್ರವಾದ ಅನುಭವವಾಗುತ್ತದೆ. ಪೂರ್ವಜನೊಬ್ಬನಿಗೆ ದೀಕ್ಷಾಸ್ನಾನವಾದ ದಿನ ಸಿಗುತ್ತದೆ. ಅವನ ವಿವಾಹದ ಪ್ರಕಟಣೆ ಸಿಗುತ್ತದೆ. ಅವನ ಆರೇಳು ಮಕ್ಕಳ ದೀಕ್ಷಾಸ್ನಾನಗಳು ಸಾಲಾಗಿ ಸಿಗುತ್ತವೆ. ಆಮೇಲೆ ಅವನು ಕಾಣೆಯಾಗುತ್ತಾನೆ. ಯಾವಾಗ ಸತ್ತನು, ಎಲ್ಲಿ ಹೂಳಲ್ಪಟ್ಟನು ಎಂಬುದಕ್ಕೆ ಅದೇ ಪ್ಯಾರಿಷಿನ ಪುಸ್ತಕದಲ್ಲಿ ಒಂದು ಸಾಲೂ ಇರುವುದಿಲ್ಲ. ಇದನ್ನು ದಾಖಲೆಯ ನಾಶವೆಂದೋ, ಕುಟುಂಬ ಊರು ಬಿಟ್ಟುಹೋಯಿತೆಂದೋ, ಅವನು ವಲಸೆ ಹೋದನೆಂದೋ ಅವಸರದಿಂದ ತೀರ್ಮಾನಿಸುವುದುಂಟು. ಬಹುಮಟ್ಟಿಗೆ ಇವು ತಪ್ಪು ತೀರ್ಮಾನಗಳು. ಅನೇಕ ಪ್ಯಾರಿಷುಗಳಲ್ಲಿ ಮರಣವನ್ನು ಬರೆಯುವ ಪದ್ಧತಿಯೇ ಇರಲಿಲ್ಲ. ಬರೆದ ಕಡೆಗಳಲ್ಲಿಯೂ ಬರೆದದ್ದು ಮರಣವನ್ನಲ್ಲ, ಮರಣದಿಂದ ಬಂದ ಹಣವನ್ನು. ಈ ಸಂಗತಿಯನ್ನು ಮನದಟ್ಟು ಮಾಡಿಕೊಳ್ಳದೆ ಸ್ಕಾಟ್ಲೆಂಡಿನ ಯಾವುದೇ ಸಮಾಧಿಯ ಶೋಧ ಮುಂದುವರಿಯಲಾರದು.

ನಿಸಿಧಿ ಶಾಸನ, ವೀರಗಲ್ಲು, ಮಾಸ್ತಿಕಲ್ಲುಗಳನ್ನು ಓದಿ ಅಭ್ಯಾಸವಾದ ಕನ್ನಡದ ಸಂಶೋಧಕರಿಗೆ ಇದು ತುಸು ಅಪರಿಚಿತವಾದ ಲೋಕ. ಇಲ್ಲಿ ಮರಣವೇ ಶಿಲೆಯ ವಿಷಯ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಹುಟ್ಟಿದ ದಿನ ತಿಳಿಯದ ಎಷ್ಟೋ ಜನರ ಸಾವು ಮಾತ್ರ ಕಲ್ಲಿನಲ್ಲಿ ಉಳಿದಿದೆ. ಸ್ಕಾಟ್ಲೆಂಡಿನ ಪ್ಯಾರಿಷ್ ಪುಸ್ತಕಗಳಲ್ಲಿ ಪರಿಸ್ಥಿತಿ ನೇರವಾಗಿ ಇದಕ್ಕೆ ವಿರುದ್ಧವಾಗಿದೆ.

ಇದಕ್ಕೆ ಕಾರಣ ಧಾರ್ಮಿಕವಾದುದು. 1560ರ ಮತಸುಧಾರಣೆಯ ನಂತರ ಸ್ಕಾಟ್ಲೆಂಡಿನಲ್ಲಿ ಸ್ಥಾಪಿತವಾದ ಚರ್ಚು ಸತ್ತವರಿಗಾಗಿ ಪ್ರಾರ್ಥಿಸುವುದನ್ನು ತಿರಸ್ಕರಿಸಿತು. ಅದೇ ವರ್ಷ ಸಿದ್ಧವಾದ 'ಮೊದಲ ಶಿಸ್ತಿನ ಗ್ರಂಥ'ವು ಶವಸಂಸ್ಕಾರದಲ್ಲಿ ಹಾಡು, ಪಠಣ, ಉಪದೇಶಗಳು ಬೇಡವೆಂಬ ನಿಲುವನ್ನು ತಾಳಿತು. 1645ರಲ್ಲಿ ಅಂಗೀಕೃತವಾದ ವೆಸ್ಟ್‌ಮಿನ್‌ಸ್ಟರ್ ಆರಾಧನಾ ನಿರ್ದೇಶಿಕೆಯೂ ಶವವನ್ನು ಯಾವ ವಿಧಿಯೂ ಇಲ್ಲದೆ ಹೂಳಬೇಕೆಂದಿತು. ದೀಕ್ಷಾಸ್ನಾನ ಸಂಸ್ಕಾರವಾಗಿತ್ತು; ವಿವಾಹ ನೈತಿಕ ಶಿಸ್ತಿನ ವಿಷಯವಾಗಿತ್ತು; ಇವೆರಡನ್ನೂ ಬರೆದಿಡುವ ಅಗತ್ಯ ಚರ್ಚಿಗೆ ಇತ್ತು. ಸಾವಿನಲ್ಲಿ ಪಾದ್ರಿಯ ಪಾತ್ರವೇ ಇಲ್ಲದಿದ್ದ ಮೇಲೆ ಅವನು ಬರೆಯುವುದೇನನ್ನು? 1616ರಲ್ಲಿ ಪ್ರಿವಿ ಕೌನ್ಸಿಲ್ ದೀಕ್ಷಾಸ್ನಾನ, ವಿವಾಹಗಳೊಡನೆ ಸತ್ತವರ ಹೆಸರುಗಳನ್ನೂ ಬರೆಯಬೇಕೆಂದು ಆಜ್ಞಾಪಿಸಿದ್ದರೂ ಅದರ ಪಾಲನೆ ಬಹಳ ಕಡಿಮೆ. ದೊಡ್ಡ ನಗರಗಳ ಸ್ಥಿತಿ ಮಾತ್ರ ಸ್ವಲ್ಪ ಬೇರೆ. ಎಡಿನ್‌ಬರೊದ ಗ್ರೇಫ್ರಯರ್ಸ್ ಸ್ಮಶಾನದ 1658ರಿಂದ 1700ರವರೆಗಿನ ಹೂಳಿಕೆಗಳ ಪಟ್ಟಿಯನ್ನು ಹೆನ್ರಿ ಪೇಟನ್ ಸಂಪಾದಿಸಿ 1902ರಲ್ಲಿ ಪ್ರಕಟಿಸಿದರು. ಆದರೆ ಅದು ಗ್ರಾಮೀಣ ಪ್ಯಾರಿಷುಗಳ ಸ್ಥಿತಿಗೆ ಮಾದರಿಯಾಗದು.

ಹೀಗಿದ್ದರೂ ಚರ್ಚಿಗೆ ಸಾವಿನಿಂದ ಆದಾಯವಿತ್ತು. ಶವವನ್ನೋ ಶವಪೆಟ್ಟಿಗೆಯನ್ನೋ ಸ್ಮಶಾನಕ್ಕೆ ಒಯ್ಯುವಾಗ ಮೇಲೆ ಹೊದಿಸುವ ಬಟ್ಟೆಯನ್ನು ಮಾರ್ಟ್‌ಕ್ಲಾತ್ ಎಂದು ಕರೆಯುತ್ತಿದ್ದರು. ಕಿರ್ಕ್ ಸೆಷನ್ ಇಂತಹ ಹೊದಿಕೆಗಳನ್ನು ಇಟ್ಟುಕೊಂಡು ಬಾಡಿಗೆಗೆ ಕೊಡುತ್ತಿತ್ತು. ಉತ್ತಮ ಮಖಮಲ್ಲಿನದಕ್ಕೆ ಒಂದು ದರ, ಹಳೆಯದಕ್ಕೆ ಇನ್ನೊಂದು, ಮಕ್ಕಳ ಚಿಕ್ಕ ಹೊದಿಕೆಗೆ ಮತ್ತೊಂದು. ಹೀಗೆ ಬಂದ ಹಣ ಬಡವರ ನಿಧಿಗೆ ಸಲ್ಲುತ್ತಿತ್ತು. ಆದುದರಿಂದ ಸೆಷನ್ನಿನ ಜಮಾಖರ್ಚಿನ ಪುಸ್ತಕದಲ್ಲಿ ಇಂಥವನಿಗೆ ಹೊದಿಕೆ ಕೊಟ್ಟು ಇಷ್ಟು ಬಂದಿತೆಂಬ ಸಾಲು ಸೇರುತ್ತಿತ್ತು. ಅನೇಕ ಪ್ಯಾರಿಷುಗಳಲ್ಲಿ 1855ಕ್ಕೆ ಮುಂಚಿನ ಒಂದು ಸಾವಿಗೆ ಉಳಿದಿರುವ ಏಕೈಕ ಸಾಕ್ಷ್ಯ ಈ ಬಾಡಿಗೆಯ ಸಾಲು.

ಈ ಸಾಲನ್ನು ಓದುವಾಗ ಎಚ್ಚರ ಬೇಕು. ಅಲ್ಲಿರುವ ದಿನಾಂಕ ಸತ್ತ ದಿನದ್ದಲ್ಲ. ಹೂಳಿದ ದಿನದ್ದೂ ಆಗಿರಬೇಕಾಗಿಲ್ಲ. ಹಣ ಸಂದ ದಿನದ್ದಾಗಿರಬಹುದು. ಹೆಸರು ಕೂಡ ಸತ್ತವನದೇ ಎಂಬ ಭರವಸೆಯಿಲ್ಲ. ಇಂಥವನ ಮಗು, ಇಂಥವನ ಹೆಂಡತಿ ಎಂದಷ್ಟೇ ಬರೆದು, ಹಣ ಕೊಟ್ಟವನ ಹೆಸರನ್ನು ಮಾತ್ರ ಪೂರ್ಣವಾಗಿ ಬರೆಯುವುದು ಸಾಮಾನ್ಯವಾಗಿತ್ತು. ಅತಿ ಬಡವರಿಗೆ ಹೊದಿಕೆಯನ್ನು ಉಚಿತವಾಗಿ ಕೊಡುತ್ತಿದ್ದುದರಿಂದ ಅವರು ಜಮೆಯ ಕಡೆಯಲ್ಲಿ ಕಾಣುವುದಿಲ್ಲ; ಖರ್ಚಿನ ಕಡೆಯಲ್ಲಿ, ಶವಪೆಟ್ಟಿಗೆಗೆ ಅಥವಾ ಗುಂಡಿ ತೋಡಿದವನಿಗೆ ಕೊಟ್ಟ ಹಣದ ಸಾಲಿನಲ್ಲಿ ಕಾಣಬಹುದು. ಹಸುಗೂಸುಗಳನ್ನು ಅನೇಕ ವೇಳೆ ಹೊದಿಕೆಯಿಲ್ಲದೆಯೇ ಹೂಳುತ್ತಿದ್ದರು. ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ನೇಕಾರರು, ಬಡಗಿಗಳು, ಚಮ್ಮಾರರು ಮೊದಲಾದ ಕಸುಬುದಾರರ ಸಂಘಗಳು ತಮ್ಮವೇ ಆದ ಹೊದಿಕೆಗಳನ್ನು ಇಟ್ಟುಕೊಂಡಿದ್ದವು. ಸಂಘದ ಸದಸ್ಯನು ಸತ್ತರೆ ಸೆಷನ್ನಿನ ಬಟ್ಟೆಗೆ ಹಣ ತೆರುವ ಪ್ರಸಂಗವೇ ಬರುತ್ತಿರಲಿಲ್ಲ. ನೇಕಾರ ಪೂರ್ವಜನೊಬ್ಬನು ಸೆಷನ್ನಿನ ಲೆಕ್ಕದಲ್ಲಿ ಸಿಗದಿದ್ದರೆ ಅವನು ಊರಿನಲ್ಲಿ ಇರಲಿಲ್ಲವೆಂದು ಅರ್ಥವಲ್ಲ. ಸಂಘದ ಲೆಕ್ಕವನ್ನು ಹುಡುಕಬೇಕೆಂದು ಅರ್ಥ.

1783ರಲ್ಲಿ ಬ್ರಿಟಿಷ್ ಸರ್ಕಾರವು ಜನನ ಅಥವಾ ದೀಕ್ಷಾಸ್ನಾನ, ವಿವಾಹ, ಹೂಳಿಕೆಗಳ ಪ್ರತಿಯೊಂದು ನಮೂದಿಗೂ 3 ಪೆನ್ಸ್ ಸುಂಕವನ್ನು ವಿಧಿಸಿತು. ಕಡುಬಡವರಿಗೆ ವಿನಾಯಿತಿ ಇತ್ತು. 1794ರಲ್ಲಿ ಈ ಸುಂಕ ರದ್ದಾಯಿತು. ಇದರ ಪರಿಣಾಮ ಎರಡು ಬಗೆಯದು. ಕೆಲವು ಪ್ಯಾರಿಷುಗಳು ಸುಂಕ ವಸೂಲಿಗಾಗಿಯೇ ಹೂಳಿಕೆಗಳ ಪುಸ್ತಕವನ್ನು ಆರಂಭಿಸಿ, ಸುಂಕ ನಿಂತೊಡನೆ ಪುಸ್ತಕವನ್ನೂ ನಿಲ್ಲಿಸಿದವು. ಅಂತಹ ಕಡೆಗಳಲ್ಲಿ ಹತ್ತು ಹನ್ನೊಂದು ವರ್ಷಗಳ ಕಾಲ ಮಾತ್ರ ಜನ ಸತ್ತಂತೆ ಕಾಣುತ್ತದೆ. ಇನ್ನು ಕೆಲವೆಡೆ ಸುಂಕ ತಪ್ಪಿಸಿಕೊಳ್ಳಲು ಜನರು ಏನನ್ನೂ ಬರೆಸದೆ ಉಳಿದರು.

ಲೆಕ್ಕದ ವಹಿಯೊಡನೆ ಓದಬೇಕಾದ ಇನ್ನೊಂದು ದಾಖಲೆ ಲೇರ್ ಪುಸ್ತಕ. ಸ್ಮಶಾನದಲ್ಲಿ ಒಂದು ಕುಟುಂಬ ಕೊಂಡುಕೊಂಡ ಸಮಾಧಿ ನಿವೇಶನಕ್ಕೆ ಲೇರ್ ಎಂದು ಹೆಸರು. ಅದರ ಪುಸ್ತಕದಲ್ಲಿ ಮೊದಲು ಕಾಣುವುದು ಮೃತರಲ್ಲ, ಮಾಲೀಕರು. ಕವಿ ರಾಬರ್ಟ್ ಬರ್ನ್ಸ್‌ನ ಪ್ರೇಯಸಿಯೆಂದು ಪ್ರಸಿದ್ಧಳಾದ ಮೇರಿ ಕ್ಯಾಂಬೆಲ್, ಅಂದರೆ 'ಹೈಲೆಂಡ್ ಮೇರಿ', ಇದಕ್ಕೆ ಒಳ್ಳೆಯ ನಿದರ್ಶನ. ಆಕೆ 1786ರ ಶರತ್ಕಾಲದಲ್ಲಿ ಗ್ರೀನಾಕ್ ಎಂಬ ಬಂದರು ಪಟ್ಟಣದಲ್ಲಿ ಜ್ವರದಿಂದ ಸತ್ತಳು. ಸತ್ತ ದಿನವನ್ನು ನಿಖರವಾಗಿ ತಿಳಿಸುವ ಸಮಕಾಲೀನ ಬರಹವಿಲ್ಲ. ಆಕೆಯನ್ನು ಓಲ್ಡ್ ವೆಸ್ಟ್ ಕಿರ್ಕ್‌ನ ಸ್ಮಶಾನದಲ್ಲಿ ಹೂಳಲಾಯಿತೆಂಬುದು ತಿಳಿದುಬಂದದ್ದು ಆಕೆಯ ಬಂಧುವಾಗಿದ್ದ ಮೆಕ್‌ಫರ್ಸನ್ ಎಂಬ ಹಡಗು ಬಡಗಿಯ ಲೇರ್‌ನ ಮೂಲಕ. ಸ್ಮಶಾನದ ಪುಸ್ತಕದಲ್ಲಿ ಮೇರಿಯನ್ನು ಹುಡುಕುವವನಿಗೆ ಸಿಗುವುದು ಮೆಕ್‌ಫರ್ಸನ್. ಮದುವೆಯಾಗದ ಹೆಣ್ಣುಮಗಳು ಪರಊರಿನಲ್ಲಿ ಸತ್ತಾಗ ತಂದೆಯ ಹೆಸರಿನಲ್ಲಿಯಲ್ಲ, ಆಶ್ರಯ ಕೊಟ್ಟ ಬಂಧುವಿನ ಹೆಸರಿನಲ್ಲಿ ಹುಡುಕಬೇಕಾಗುತ್ತದೆ.

1842ರಲ್ಲಿ ಅಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಲಾಯಿತು. ಹಡಗುಕಟ್ಟೆಯ ವಿಸ್ತರಣೆಗಾಗಿ ಸ್ಮಶಾನದ ಜಾಗ ಬೇಕಾದಾಗ 1920ರ ನವೆಂಬರಿನಲ್ಲಿ ಸಮಾಧಿಯನ್ನು ತೆರೆದು ಅವಶೇಷಗಳನ್ನೂ ಸ್ಮಾರಕವನ್ನೂ ಗ್ರೀನಾಕ್‌ನ ಹೊಸ ಸ್ಮಶಾನಕ್ಕೆ ಸ್ಥಳಾಂತರಿಸಲಾಯಿತು. ಆಗ ಗುಂಡಿಯಲ್ಲಿ ಹಸುಗೂಸಿನ ಶವಪೆಟ್ಟಿಗೆಯ ತಳದ ಹಲಗೆಯೊಂದು ದೊರಕಿತು. ಮೇರಿ ಹೆರಿಗೆಯಲ್ಲಿ ಸತ್ತಳೆಂಬ ವಾದ ಇದರಿಂದ ಬಲಗೊಂಡಿತು. ಆದರೆ ಅದೇ ಲೇರ್‌ನಲ್ಲಿ 1827ರಲ್ಲಿ ಬೇರೊಂದು ಕುಟುಂಬದ ಶಿಶುವನ್ನು ಹೂಳಲಾಗಿತ್ತೆಂದು ಅನಂತರ ತಿಳಿದುಬಂದಿತು. ಒಂದು ಲೇರ್ ಒಬ್ಬರದೇ ಸಮಾಧಿಯಲ್ಲ. ಅದು ತಲೆಮಾರುಗಳ ಕಾಲ, ಕೆಲವೊಮ್ಮೆ ಸ್ನೇಹಿತರಿಗೂ ಬಾಡಿಗೆದಾರರಿಗೂ ತೆರೆದುಕೊಂಡಿದ್ದ ನೆಲ. ನೂರು ವರ್ಷ ಮಾತನಾಡಿದ ವಿಮರ್ಶಕರಲ್ಲಿ ಹೆಚ್ಚಿನವರು ಮೊದಲು ಈ ಪುಸ್ತಕವನ್ನು ನೋಡಿದ್ದರೆ ಒಬ್ಬ ಹೆಣ್ಣಿನ ಬಗೆಗಿನ ಎಷ್ಟೋ ಊಹೆಗಳು ಹುಟ್ಟುತ್ತಲೇ ಇರಲಿಲ್ಲ.

ಸಮಾಧಿಗೆ ಕಲ್ಲಿಲ್ಲದಿರುವುದು ಬಡತನದ ಅಥವಾ ಅಪ್ರಸಿದ್ಧಿಯ ಲಕ್ಷಣವೆಂದು ಭಾವಿಸಬಾರದು. ಭೂಮಿಯ ಪದರಗಳನ್ನು ಓದಿ ಆಧುನಿಕ ಭೂವಿಜ್ಞಾನಕ್ಕೆ ತಳಹದಿ ಹಾಕಿದ ಜೇಮ್ಸ್ ಹಟನ್ 1797ರ ಮಾರ್ಚ್ 26ರಂದು ಎಡಿನ್‌ಬರೊದಲ್ಲಿ ಸತ್ತನು. ಕಲ್ಲುಗಳನ್ನೇ ಬದುಕಾಗಿಸಿಕೊಂಡಿದ್ದ ಅವನ ಗೋರಿಗೆ ಗ್ರೇಫ್ರಯರ್ಸ್ ಸ್ಮಶಾನದಲ್ಲಿ 1947ರವರೆಗೆ ಗುರುತಿನ ಕಲ್ಲಿರಲಿಲ್ಲ.

ಕವಿ ರಾಬರ್ಟ್ ಫರ್ಗುಸನ್‌ನ ಪ್ರಸಂಗ ಇನ್ನೂ ಹೆಚ್ಚು ಉಪದೇಶಕವಾದುದು. ಅವನು 1774ರ ಅಕ್ಟೋಬರಿನಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಎಡಿನ್‌ಬರೊದ ಹುಚ್ಚಾಸ್ಪತ್ರೆಯಲ್ಲಿ ಸತ್ತು ಕ್ಯಾನನ್‌ಗೇಟ್ ಸ್ಮಶಾನದಲ್ಲಿ ಗುರುತಿಲ್ಲದೆ ಹೂಳಲ್ಪಟ್ಟನು. 1787ರ ಫೆಬ್ರವರಿಯಲ್ಲಿ ಬರ್ನ್ಸ್ ಆ ಸ್ಮಶಾನದ ಆಡಳಿತಗಾರರಿಗೆ ಮನವಿ ಸಲ್ಲಿಸಿ ಕಲ್ಲು ನಿಲ್ಲಿಸಲು ಅನುಮತಿ ಕೇಳಿದನು. ಅನುಮತಿ ದೊರೆಯಿತು. ವಾಸ್ತುಶಿಲ್ಪಿ ರಾಬರ್ಟ್ ಬರ್ನ್ 1789ರಲ್ಲಿ ಕಲ್ಲನ್ನು ನಿಲ್ಲಿಸಿದನು. 5 ಪೌಂಡ್ 10 ಷಿಲಿಂಗ್‌ಗಳ ಆ ಬಿಲ್ಲನ್ನು ಕವಿಯು 1792ರಲ್ಲಿ ಪಾವತಿ ಮಾಡಿದನು. ಕಲ್ಲು ನಿಲ್ಲಿಸಲು ಅವನು ಎರಡು ವರ್ಷ ತೆಗೆದುಕೊಂಡ, ಹಣ ಕೊಡಲು ತಾನೂ ಅಷ್ಟೇ ತೆಗೆದುಕೊಂಡರೆ ತಪ್ಪಿಲ್ಲವೆಂಬುದು ಅವನ ಸಮರ್ಥನೆಯಾಗಿತ್ತು. ಮನವಿ, ಅನುಮತಿ, ಬಿಲ್ಲು ಈ ಮೂರರ ಮೂಲಕವೇ ಆ ಸಮಾಧಿಯ ಸ್ಥಳ ಇಂದಿಗೂ ನಿಶ್ಚಿತವಾಗಿದೆ. ಇಷ್ಟೆಲ್ಲ ಪ್ರೀತಿಯಿಂದ ನಿಲ್ಲಿಸಿದ ಕಲ್ಲಿನ ಮೇಲೆ ಕವಿಯ ಜನ್ಮವರ್ಷವನ್ನು 1751 ಎಂದು ಕೆತ್ತಲಾಗಿದೆ. ಅವನು ಹುಟ್ಟಿದ್ದು 1750ರಲ್ಲಿ. ಸಮಾಧಿಯ ಕಲ್ಲು ಸಾವಿನ ಕಾಲದ ಸಾಕ್ಷಿಯಲ್ಲ, ಅದನ್ನು ನಿಲ್ಲಿಸಿದವರ ಕಾಲದ ಸಾಕ್ಷಿ ಎಂಬ ಸೂತ್ರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ವಿರಳ. ಶಾಸನಗಳ ಮರುಕೆತ್ತನೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಲ್ಲುಗಳು ಸವೆಯುತ್ತವೆ, ಮುರಿಯುತ್ತವೆ, ಕೆಳಗೆ ಬಿದ್ದು ಹುಲ್ಲಿನಡಿ ಮುಚ್ಚಿಹೋಗುತ್ತವೆ. ಇದನ್ನು ಅರಿತು 1855ಕ್ಕಿಂತ ಹಿಂದಿನ ಬರಹಗಳನ್ನು ಸ್ಮಶಾನದಿಂದ ಸ್ಮಶಾನಕ್ಕೆ ಹೋಗಿ ನಕಲು ಮಾಡಿದ ಮಿಚೆಲ್ ದಂಪತಿಗಳ ಕಾರ್ಯವನ್ನು ಇಲ್ಲಿ ಸ್ಮರಿಸಬೇಕು. ಪೂರ್ವ ಫೈಫ್ ಪ್ರದೇಶದ ಅವರ ಸಂಪುಟ 1971ರಲ್ಲಿ ಪ್ರಕಟವಾಯಿತು. ಅವರು ಓದಿದ ಕಲ್ಲುಗಳಲ್ಲಿ ಕೆಲವನ್ನು ಇಂದು ಓದಲು ಸಾಧ್ಯವಿಲ್ಲವಾದುದರಿಂದ ಆ ಪಟ್ಟಿಗಳೇ ಈಗ ಮೂಲ ಆಕರಗಳಾಗಿವೆ. ಸ್ಕಾಟಿಷ್ ಕಲ್ಲುಗಳ ಒಂದು ವಿಶೇಷವೆಂದರೆ ವಿವಾಹಿತ ಸ್ತ್ರೀಯನ್ನು ಅವಳ ತವರಿನ ಉಪನಾಮದಿಂದಲೇ ಗುರುತಿಸುವುದು. ಗಂಡನ ಉಪನಾಮದಲ್ಲಿ ಮಾತ್ರ ಹುಡುಕಿ ನಿರಾಶರಾದವರು ಅಲ್ಲಿಗೆ ಮರಳಿ ಬರಬೇಕು.

1855ರ ಜನವರಿ 1ರಂದು ಸ್ಕಾಟ್ಲೆಂಡಿನಲ್ಲಿ ಕಡ್ಡಾಯ ನಾಗರಿಕ ನೋಂದಣಿ ಜಾರಿಗೆ ಬಂದಿತು. ಆ ಹೊತ್ತಿಗೆ ಹಳೆಯ ವ್ಯವಸ್ಥೆ ಕುಸಿದುಹೋಗಿತ್ತು. 1843ರಲ್ಲಿ ಸ್ಥಾಪಿತ ಚರ್ಚಿನ ಮೂರನೆಯ ಒಂದಕ್ಕಿಂತ ಹೆಚ್ಚು ಪಾದ್ರಿಗಳು ಹೊರನಡೆದು ಫ್ರೀ ಚರ್ಚನ್ನು ಸ್ಥಾಪಿಸಿದ್ದರಿಂದ ಪ್ಯಾರಿಷಿನ ಪುಸ್ತಕ ಎಲ್ಲರ ಪುಸ್ತಕವಾಗಿ ಉಳಿದಿರಲಿಲ್ಲ. 1845ರ ಬಡವರ ಕಾಯಿದೆಯು ಬಡವರ ಹೊಣೆಯನ್ನು ಸೆಷನ್ನಿನ ಕೈಯಿಂದ ಪ್ಯಾರಿಷ್ ಮಂಡಳಿಗಳ ಕೈಗೆ ವರ್ಗಾಯಿಸಿತ್ತು. ಗ್ಲಾಸ್ಗೋದ ನೆಕ್ರೊಪೊಲಿಸ್‌ನಂತಹ ಹೊಸ ಸ್ಮಶಾನಗಳು ಚರ್ಚಿನ ಅಂಗಳದ ಹೊರಗೆ ತಲೆಯೆತ್ತಿದ್ದವು.

ಹೊಸ ನೋಂದಣಿಯ ಮೊದಲ ವರ್ಷದ ಮರಣ ನಮೂನೆಯು ಸಂಶೋಧಕರ ಪಾಲಿಗೆ ಒಂದು ನಿಧಿ. ಸತ್ತವನು ಹುಟ್ಟಿದ ಊರು, ಆ ಜಿಲ್ಲೆಯಲ್ಲಿ ಎಷ್ಟು ಕಾಲ ವಾಸವಾಗಿದ್ದನು, ತಂದೆತಾಯಿಗಳ ಹೆಸರು, ತಾಯಿಯ ತವರಿನ ಉಪನಾಮ, ಪತ್ನಿಯ ಹೆಸರು, ಮಕ್ಕಳೆಲ್ಲರ ಹೆಸರು ಮತ್ತು ವಯಸ್ಸು, ಕಾಯಿಲೆ, ಅದರ ಅವಧಿ, ನೋಡಿದ ವೈದ್ಯ, ಹೂಳಿದ ಸ್ಥಳ ಇವಿಷ್ಟನ್ನೂ ಒಂದೇ ನಮೂದಿನಲ್ಲಿ ಕೇಳಲಾಗಿತ್ತು. ನೋಂದಣಿದಾರರಿಗೆ ಇದು ಹೊರೆಯಾಯಿತು. 1856ರಿಂದ ಹುಟ್ಟಿದ ಊರು, ಪತ್ನಿ, ಮಕ್ಕಳ ವಿವರಗಳನ್ನು ಕೈಬಿಡಲಾಯಿತು. ಹೂಳಿದ ಸ್ಥಳದ ಅಂಕಣ 1860ರವರೆಗೆ ಉಳಿಯಿತು. 1861ರಲ್ಲಿ ಬಾಳಸಂಗಾತಿಯ ಹೆಸರು ಮರಳಿ ಬಂದಿತು, ಹೂಳಿದ ಸ್ಥಳ ಹೋಯಿತು.

ಇದರ ಪರಿಣಾಮವನ್ನು ಅನೇಕರು ಸರಿಯಾಗಿ ಗ್ರಹಿಸಿಲ್ಲ. 1861ರ ನಂತರದ ಮರಣ ಪ್ರಮಾಣಪತ್ರ ಕೈಗೆ ಸಿಕ್ಕ ಮೇಲೂ ಸಮಾಧಿ ಎಲ್ಲಿದೆಯೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆರು ವರ್ಷಗಳ ಕಾಲ ಮಾತ್ರ, 1855ರಿಂದ 1860ರವರೆಗೆ, ಸ್ಕಾಟ್ಲೆಂಡಿನ ರಾಜ್ಯವ್ಯವಸ್ಥೆ ತನ್ನ ಪ್ರಜೆಯ ಸಾವನ್ನೂ ಸಮಾಧಿಯನ್ನೂ ಒಂದೇ ಹಾಳೆಯಲ್ಲಿ ಜೋಡಿಸಿತ್ತು. ಅದಕ್ಕೆ ಹಿಂದೆ ಸಾವು ಸಿಗುವುದು ದುರ್ಲಭ. ಅದಕ್ಕೆ ಮುಂದೆ ಸಾವು ಸಿಕ್ಕರೂ ನೆಲ ಸಿಗುವುದು ದುರ್ಲಭ. ಆ ನೆಲಕ್ಕಾಗಿ ಸ್ಥಳೀಯ ಆಡಳಿತದ ಸ್ಮಶಾನ ಪುಸ್ತಕಗಳನ್ನೇ ನೋಡಬೇಕು. 1925ರ ಕಾಯಿದೆಯ ನಂತರ ಚರ್ಚಿನ ಸ್ಮಶಾನಗಳು ಸ್ಥಳೀಯ ಸಂಸ್ಥೆಗಳಿಗೆ ಹಸ್ತಾಂತರವಾದುದರಿಂದ ಹಳೆಯ ಲೇರ್ ಪುಸ್ತಕಗಳಲ್ಲಿ ಕೆಲವು ಕೌನ್ಸಿಲ್ ಕಚೇರಿಗಳಲ್ಲಿ, ಕೆಲವು ಸ್ಥಳೀಯ ಪತ್ರಾಗಾರಗಳಲ್ಲಿ ಹಂಚಿಹೋಗಿವೆ.

ಮರಣದ ನಮೂದಿನ ವಿಶ್ವಾಸಾರ್ಹತೆಯೂ ಮಾಹಿತಿ ಕೊಟ್ಟವನನ್ನು ಅವಲಂಬಿಸಿದೆ. ಪುಸ್ತಕದಲ್ಲಿ ಅವನ ಸಹಿಯೂ ಸತ್ತವರಿಗೆ ಅವನ ಸಂಬಂಧವೂ ಇರುತ್ತವೆ. ತೊಂಬತ್ತರ ಅಜ್ಜಿಯ ತಾಯಿಯ ಹೆಸರನ್ನು ಹೇಳಬೇಕಾದವನು ಮೊಮ್ಮಗನೋ ನೆರೆಯವನೋ ಆಗಿದ್ದರೆ ಆ ಹೆಸರನ್ನು ಸುಳುಹೆಂದು ಮಾತ್ರ ಪರಿಗಣಿಸಬೇಕು. ಆಕಸ್ಮಿಕ ಅಥವಾ ಸಂಶಯಾಸ್ಪದ ಸಾವುಗಳಲ್ಲಿ ಪ್ರೊಕ್ಯುರೇಟರ್ ಫಿಸ್ಕಲ್ ಎಂಬ ಅಧಿಕಾರಿ ವಿಚಾರಣೆ ನಡೆಸಿ ಕಳುಹಿಸಿದ ವಿವರ 'ತಿದ್ದುಪಡಿಗಳ ಪುಸ್ತಕ'ದಲ್ಲಿ ಬೇರೆಯಾಗಿ ಸೇರುತ್ತದೆ. ಮೂಲ ನಮೂದಿನ ಅಂಚಿನಲ್ಲಿ ಅದರ ಸೂಚನೆಯಿರುತ್ತದೆ. ಅಂಚನ್ನು ನೋಡದೆ ಮುಂದೆ ಹೋದವರಿಗೆ ಸಾವಿನ ನಿಜವಾದ ಕಾರಣ ತಪ್ಪಿಹೋಗುತ್ತದೆ.

1855ಕ್ಕೆ ಮುಂಚಿನ ಸಾವಿಗೆ ನೇರ ದಾಖಲೆ ಇಲ್ಲದಾಗ ಕಾಲದ ಎರಡು ಎಲ್ಲೆಗಳನ್ನು ಹಾಕಿಕೊಂಡು ಕಿರಿದುಗೊಳಿಸುವುದು ವಿದ್ವಾಂಸರು ಅನುಸರಿಸುವ ಮಾರ್ಗ. 1841ರ ಜನಗಣತಿಯಲ್ಲಿ ಗಂಡ ಇದ್ದು, 1851ರಲ್ಲಿ ಹೆಂಡತಿ ವಿಧವೆಯೆಂದು ನಮೂದಾಗಿದ್ದರೆ ಹತ್ತು ವರ್ಷಗಳ ಅವಧಿ ದೊರೆಯಿತು. 1841ರ ಗಣತಿಯಲ್ಲಿ ವಯಸ್ಕರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯುವ ಕ್ರಮವಿತ್ತೆಂಬುದು ನೆನಪಿರಬೇಕು. 1855ರ ನಂತರ ಮದುವೆಯಾದ ಮಕ್ಕಳ ನಮೂದಿನಲ್ಲಿ ತಂದೆತಾಯಿಗಳ ಹೆಸರಿನೊಡನೆ 'ಮೃತ' ಎಂಬ ಮಾತಿದ್ದರೆ ಇನ್ನೊಂದು ಎಲ್ಲೆ ಸಿಕ್ಕಂತೆ. ಆಸ್ತಿವಂತನಾಗಿದ್ದರೆ ಅವನ ಚರಾಸ್ತಿಯ ಮೃತ್ಯುಪತ್ರವನ್ನು 1823ರವರೆಗೆ ಕಮಿಸರಿ ನ್ಯಾಯಾಲಯಗಳಲ್ಲಿ, ಅನಂತರ ಶೆರಿಫ್ ನ್ಯಾಯಾಲಯಗಳಲ್ಲಿ ಹುಡುಕಬಹುದು. ಕಿರ್ಕ್ ಸೆಷನ್ನಿನ ದಾಖಲೆಗಳ ಛಾಯಾಪ್ರತಿಗಳು 2021ರಿಂದ ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ಜಾಲತಾಣದಲ್ಲಿ ದೊರೆಯುವಂತಾದುದು ದೂರದ ಸಂಶೋಧಕರಿಗೆ ದೊಡ್ಡ ಉಪಕಾರ. ಹೆಸರಿನ ಸೂಚಿಯಿಲ್ಲದ ಪುಸ್ತಕಗಳನ್ನು ಪುಟಪುಟವಾಗಿಯೇ ಓದಬೇಕು, ಅದಕ್ಕೆ ಅಡ್ಡದಾರಿಯಿಲ್ಲ.

ದೇಹವೇ ಇಲ್ಲದ ಸಾವುಗಳ ಪ್ರಶ್ನೆ ಬೇರೆ. ಹೆಣಗಳನ್ನು ಅಂಗರಚನಾಶಾಸ್ತ್ರದ ಶಾಲೆಗಳಿಗೆ ಮಾರುತ್ತಿದ್ದ ಕಾಲದಲ್ಲಿ ಸಮಾಧಿಯ ನಮೂದು ಇದ್ದರೂ ಸಮಾಧಿಯಲ್ಲಿ ದೇಹ ಇದೆಯೆಂಬ ಖಾತ್ರಿ ಇರಲಿಲ್ಲ. 1828ರಲ್ಲಿ ಬರ್ಕ್ ಮತ್ತು ಹೇರ್ ಎಂಬವರ ಸರಣಿ ಕೊಲೆಗಳು ಬಯಲಾದವು. 1832ರ ಅಂಗರಚನಾ ಕಾಯಿದೆ ಬರುವವರೆಗೆ ಕುಟುಂಬಗಳು ಗೋರಿಗಳ ಮೇಲೆ ಕಬ್ಬಿಣದ ಪಂಜರಗಳನ್ನಿಟ್ಟು ರಾತ್ರಿ ಕಾಯುತ್ತಿದ್ದವು. ಅದೇ 1832ರ ಕಾಲರಾ ಪಿಡುಗಿನಲ್ಲಿ ಸತ್ತ ಅನೇಕರು ಸಾಮೂಹಿಕ ಗುಂಡಿಗಳಲ್ಲಿ ಹೂಳಲ್ಪಟ್ಟರು.

1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಯಲ್ಲಿ ಟೇ ನದಿಯ ರೈಲು ಸೇತುವೆ ಕುಸಿದು ರೈಲು ನೀರಿಗೆ ಬಿದ್ದಿತು. ಸತ್ತವರು 75 ಮಂದಿ ಎಂಬ ಸಂಖ್ಯೆ ಬಹುಕಾಲ ಪುಸ್ತಕಗಳಲ್ಲಿ ಪುನರಾವರ್ತನೆಯಾಯಿತು. ಮರಣ ನೋಂದಣಿಯನ್ನು ಒಂದೊಂದಾಗಿ ಪರಿಶೀಲಿಸಿದ ಮೇಲೆ ಹೆಸರಿನಿಂದ ಗುರುತಿಸಬಹುದಾದವರು 59 ಮಂದಿ ಎಂದು ಖಚಿತವಾಯಿತು. ದೊರೆತ ದೇಹಗಳು 46. ಉಳಿದವರಿಗೆ ಮರಣದ ನಮೂದು ಇದೆ, ಸಮಾಧಿಯಿಲ್ಲ. 2013ರ ಡಿಸೆಂಬರಿನಲ್ಲಿ, ದುರಂತದ ವಾರ್ಷಿಕ ದಿನದಂದು, ನದಿಯ ಎರಡೂ ದಡಗಳಲ್ಲಿ ಆ 59 ಹೆಸರುಗಳನ್ನು ಕೆತ್ತಿದ ಕಲ್ಲುಗಳು ಅನಾವರಣಗೊಂಡವು. ಇಲ್ಲಿ ಹೆಸರುಗಳು ಕಲ್ಲಿನಿಂದ ಪುಸ್ತಕಕ್ಕೆ ಬರಲಿಲ್ಲ, ಪುಸ್ತಕದಿಂದ ಕಲ್ಲಿಗೆ ಹೋದವು.

ಸ್ಕಾಟ್ಲೆಂಡಿನ ಪ್ಯಾರಿಷಿನಲ್ಲಿ ಹುಟ್ಟಿ ಅಲ್ಲಿ ಸಾಯದವರ ಪೈಕಿ ಒಂದು ಭಾಗ ಮೈಸೂರು ಸೀಮೆಗೂ ಸಂಬಂಧಪಟ್ಟಿದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ ಬರೆದ ಫ್ರಾನ್ಸಿಸ್ ಬುಕಾನನ್ ಕನ್ನಡದ ಓದುಗರಿಗೆ ಸುಪರಿಚಿತ. ಅವನು ಸ್ವದೇಶಕ್ಕೆ ಮರಳಿ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿ, ಕೊನೆಯ ವರ್ಷಗಳಲ್ಲಿ ಬುಕಾನನ್ ಕುಲದ ಮುಖ್ಯಸ್ಥನ ಸ್ಥಾನ ತನಗೆ ಸಲ್ಲಬೇಕೆಂದು ವಂಶಾವಳಿಯ ಆಧಾರಗಳನ್ನು ಕೂಡಿಸಿ ವಾದಿಸಿದನು, 1829ರಲ್ಲಿ ಸತ್ತನು. ಇಲ್ಲಿನ ಬೆಳೆ, ಬಡ್ಡಿ, ಜಾತಿಗಳನ್ನು ಲೆಕ್ಕ ಹಾಕಿದ ಕೈಯೇ ಅಲ್ಲಿ ತಾತಂದಿರ ಮರಣಗಳನ್ನು ಹುಡುಕಿತೆಂಬುದು ಗಮನಾರ್ಹ.

ಮರಳದವರ ಮರಣಗಳು ಸ್ಕಾಟ್ಲೆಂಡಿನ ಪುಸ್ತಕಗಳಲ್ಲಿ ಸಿಗುವುದು ಅಪರೂಪ. ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದ ಮೊದಲ್ಗೊಂಡು ಬೆಂಗಳೂರು, ಮೈಸೂರುಗಳಲ್ಲಿ ಪಾದ್ರಿಗಳು ನಡೆಸಿದ ಹೂಳಿಕೆಗಳ ವಾರ್ಷಿಕ ಪಟ್ಟಿಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಗ್ರಂಥಾಲಯದಲ್ಲಿ ಮದರಾಸು ಪ್ರೆಸಿಡೆನ್ಸಿಯ ಶ್ರೇಣಿಯಲ್ಲಿವೆ. ಆದರೆ ಪಾದ್ರಿಯೇ ಇಲ್ಲದ ಕಡೆ ಪಟ್ಟಿಯೂ ಇಲ್ಲ. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನ ಯುದ್ಧದಲ್ಲಿ ಸೋತು ಶ್ರೀರಂಗಪಟ್ಟಣದಲ್ಲಿ ಸೆರೆಯಾದವರಲ್ಲಿ ಲಾರ್ಡ್ ಮೆಕ್ಲಾಡ್‌ನ ಹೈಲೆಂಡ್ ದಳದ ಸೈನಿಕರಿದ್ದರು. 1784ರಲ್ಲಿ ಬಿಡುಗಡೆಯಾಗಿ 1799ರಲ್ಲಿ ಅದೇ ಕೋಟೆಯ ಮೇಲಿನ ದಾಳಿಯನ್ನು ಮುನ್ನಡೆಸಿದ ಡೇವಿಡ್ ಬೇರ್ಡ್ ಆ ಸೆರೆಯಾಳುಗಳಲ್ಲೊಬ್ಬ.

ಆ ಸೇನೆಯ ನಾಯಕನಾಗಿದ್ದ ಕರ್ನಲ್ ವಿಲಿಯಂ ಬೇಯ್ಲಿ 1782ರ ನವೆಂಬರ್ 13ರಂದು ಶ್ರೀರಂಗಪಟ್ಟಣದ ಸೆರೆಯಲ್ಲಿಯೇ ಸತ್ತನು. ಗುಂಬಜಿನ ಸಮೀಪದಲ್ಲಿರುವ ಅವನ ಸ್ಮಾರಕವನ್ನು ಕಟ್ಟಿಸಿದವನು ಲಕ್ನೋದಲ್ಲಿ ರೆಸಿಡೆಂಟನಾಗಿದ್ದ ಅವನ ಬಂಧು ಜಾನ್ ಬೇಯ್ಲಿ. ಅದು 1816ರಲ್ಲಿ, ಸಾವಿನ 34 ವರ್ಷಗಳ ನಂತರ. ಆ ಸಾವನ್ನು ಕಣ್ಣಾರೆ ಕಾಣದವನು, ಅಧಿಕಾರವೂ ಹಣವೂ ಕೈಗೂಡಿದ ಕಾಲದಲ್ಲಿ, ಆಡಳಿತ ಬದಲಾದ ಊರಿನಲ್ಲಿ ನಿಲ್ಲಿಸಿದ ಕಟ್ಟಡವದು. ಫರ್ಗುಸನ್‌ನ ಕಲ್ಲಿನಂತೆ ಇದೂ ನೆನಪಿನ ಸಾಕ್ಷ್ಯ. ದೇಹ ಇರುವ ನೆಲ ಇದೇ ಎಂದು ಇದೊಂದರಿಂದಲೇ ಸಾಧಿಸಲಾಗದು. ಅವನೊಡನೆ ಸೆರೆಯಲ್ಲಿ ಸತ್ತ ಸಾಮಾನ್ಯ ಸೈನಿಕರಿಗೆ ಇಂತಹ ಬಂಧುಗಳಿರಲಿಲ್ಲ. ಹುಟ್ಟೂರಿನ ಪ್ಯಾರಿಷ್ ಪುಸ್ತಕದಲ್ಲಿ ಅವರ ದೀಕ್ಷಾಸ್ನಾನದ ಸಾಲು ಇದ್ದರೂ ಇರಬಹುದು. ಅವರ ಸಾವನ್ನು ಹುಡುಕುವವರು ದಳದ ಹಾಜರಿ ಪಟ್ಟಿಗಳಿಗೆ, ಬಾಕಿ ಸಂಬಳದ ಲೆಕ್ಕಗಳಿಗೆ ಹೋಗಬೇಕು. ಸಂಬಳ ನಿಂತ ದಿನ ಅಲ್ಲಿ ಬರೆದಿರುತ್ತದೆ.